ಅಡಿಗೆಮನೆಯ ಹಂಚಿಗೊಂದು ಜಾಗ



“ಏನ್ರೀ ಸಾಹೇಬ್ರ, ಬೀಜ-ಗೊಬ್ಬರದ ಮಾತು ಬಿಟ್ಟು ಇವತ್ತ ಹಂಚಿನ ಮಾತು ತಗದೀರಿ?” ಎಂದು ನೀವು ಕೇಳಬಹುದು. ಕಾರಣ ಉಂಟು. ಸುಗ್ಗಿ ಮುಗಿದ ಮೇಲೆ ಕುಡ, ಕುಂಟೆಗಳನ್ನು ಒರೆಸಿ, ಎಣ್ಣೆ ಸವರಿ, ಒಣಗಿದ ಜಾಗದಲ್ಲಿ ಎತ್ತಿಡುತ್ತೇವೆ. ಅದೇ ಕಬ್ಬಿಣದಿಂದ ಮಾಡಿದ ರೊಟ್ಟಿಯ ಹಂಚು ದಿನಾಲೂ ದುಡಿಯುತ್ತದೆ. ಅದನ್ನು ಮಾತ್ರ ಹಸಿ ನೆಲದ ಮೇಲೆ, ಒಲೆಯ ಮೂಲೆಗೆ ತಳ್ಳಿಬಿಡುತ್ತೇವೆ. ಇದು ನ್ಯಾಯವಲ್ಲ.

ಖಾನಾಪುರದ ಹತ್ತಿರದ ಹಳ್ಳಿಯ ತಾಯಿಯೊಬ್ಬರು ಮಗನ ಓದಿಗಾಗಿ ಬೆಳಗಾವಿಯಲ್ಲಿ ಬಾಡಿಗೆಯ ಕೋಣೆ ಹಿಡಿದರು. ಅಡಿಗೆಗೆ ಸಿಕ್ಕಿದ್ದು ಒಂದು ಮೂಲೆ ಮಾತ್ರ. ರೊಟ್ಟಿ ಹಂಚು, ಪಡ್ಡಿನ ಹಂಚು, ದೋಸೆಯ ತವೆ, ಎರಡು ಕಡಾಯಿ, ಎಲ್ಲವೂ ಒಂದರ ಮೇಲೊಂದು. ಎಲ್ಲಕ್ಕೂ ಕೆಳಗೆ ಅತ್ತೆಯ ಕಾಲದ ಕಬ್ಬಿಣದ ಹಂಚು. ಒಂದು ಮಳೆಗಾಲ ಕಳೆಯುವುದರೊಳಗೆ ಅದಕ್ಕೆ ಜಂಗು ಹಿಡಿಯಿತು. “ಇಡಾಕ ಜಾಗಾ ಇಲ್ರೀ, ಮೋಡಕಾದವಗ ಕೊಟ್ಟಬಿಟ್ಟೆ” ಎಂದರು ಆ ತಾಯಿ. ವರ್ಷಗಟ್ಟಲೆ ಬೆಂಕಿ-ಎಣ್ಣೆ ಕುಡಿದು ಪಳಗಿದ ಹಂಚು ಹಳೆಯ ಕಬ್ಬಿಣದ ತೂಕಕ್ಕೆ ಹೋಯಿತು. ಹೊಸ ಹಂಚು ದುಡ್ಡಿಗೆ ಸಿಗುತ್ತದೆ. ಪಳಗಿದ ಹಂಚು ಸಿಗುವುದಿಲ್ಲ.

ಹಾಗಾದರೆ ಇಕ್ಕಟ್ಟಾದ ಅಡಿಗೆಮನೆಯಲ್ಲಿ ಇವನ್ನೆಲ್ಲ ಇಡುವುದು ಹೇಗೆ? ಉತ್ತರ ನಮ್ಮ ಊರಲ್ಲೇ ಇದೆ. ಖಾನಾಪುರದ ಮಣ್ಣು ಹಂಚಿಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಇಲ್ಲಿದೆ. ಮನೆಯ ಮೇಲೆ ಹೊದಿಸುವ ಹಂಚನ್ನು ಅಂಗಳದಲ್ಲಿ ಹೇಗೆ ಒಟ್ಟುತ್ತಾರೆ, ನೆನಪು ಮಾಡಿಕೊಳ್ಳಿರಿ. ಯಾರೂ ಅದನ್ನು ಹಾಸಿ ಇಡುವುದಿಲ್ಲ. ಅಂಚಿನ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ಜಾಗ ಉಳಿಯುತ್ತದೆ, ಒಡೆಯುವುದೂ ಕಡಿಮೆ. ಒಲೆಯ ಹಂಚಿಗೂ ಇದೇ ಪಾಠ: ಮಲಗಿಸಬೇಡಿರಿ, ನಿಲ್ಲಿಸಿರಿ ಅಥವಾ ತೂಗುಹಾಕಿರಿ.

ಲೆಕ್ಕ ಹಾಕಿ ನೋಡಿರಿ. ಒಂದು ಅಡಿ ಅಗಲದ ನಾಲ್ಕು ಹಂಚುಗಳನ್ನು ಪಕ್ಕಪಕ್ಕಕ್ಕೆ ಮಲಗಿಸಿದರೆ 4 ಚದರ ಅಡಿ ಜಾಗ ಬೇಕು. ಹಂಚಿಗೆ 3 ಅಂಗುಲದಂತೆ ನಿಲ್ಲಿಸಿದರೆ 1 ಚದರ ಅಡಿಯಲ್ಲಿ ನಾಲ್ಕೂ ನಿಲ್ಲುತ್ತವೆ. ಒಂದನ್ನು ತೆಗೆಯಲು ಮೂರನ್ನು ಎತ್ತುವ ಕಷ್ಟವೂ ಇಲ್ಲ.

ಮೊದಲು ಎಲ್ಲ ಹಂಚು, ತವೆ, ಕಡಾಯಿಗಳನ್ನು ಹೊರಗೆ ತೆಗೆದು ಮೂರು ಪಾಲು ಮಾಡಿರಿ: ದಿನಾಲೂ ಬೇಕಾದವು, ವಾರಕ್ಕೊಮ್ಮೆ ಬೇಕಾದವು, ಹಬ್ಬಕ್ಕೆ ಮಾತ್ರ ಬೇಕಾದವು. ದಿನದವು ಒಲೆಯ ಹತ್ತಿರ ಕೈಗೆ ಎಟುಕಬೇಕು. ವಾರದವು ಗೋಡೆಗೆ. ಹಬ್ಬದ ದೊಡ್ಡ ಕಡಾಯಿ ಅಟ್ಟಕ್ಕೆ ಹೋಗಲಿ.

ಹಿಡಿಕೆ ಇಲ್ಲದ ರೊಟ್ಟಿ ಹಂಚಿಗೆ ಬಡಿಗೇರರಿಂದ ಒಂದು ಗೂಟದ ಹಲಗೆ ಮಾಡಿಸಿರಿ. ಹಲಗೆ 14 ಅಂಗುಲ ಉದ್ದ, 12 ಅಂಗುಲ ಅಗಲ ಇರಲಿ. 3 ಅಂಗುಲಕ್ಕೊಂದರಂತೆ ಐದು ಸಾಲು, ಸಾಲಿಗೆ ಎರಡು ಗಟ್ಟಿ ಬಿದಿರ ಗೂಟ. ನಾಲ್ಕು ಹಂಚಿಗೆ ನಾಲ್ಕು ಸಂದು ಆದವು. ಹಂಚು ಉರುಳದಂತೆ ಮುಂದೆ-ಹಿಂದೆ ಒಂದೊಂದು ಪಟ್ಟಿ ಹೊಡೆಸಿರಿ. ಭಾರವಾದ ಹಂಚು ನಡುವಿನ ಸಂದಿನಲ್ಲಿರಲಿ. ಈ ಹಲಗೆಯನ್ನು ಕೆಳಗಿನ ಫಳಿಯ ಮೇಲೆ ಇಡಬೇಕು, ಎತ್ತರದಲ್ಲಿ ಕೂಡದು.

ಹಿಡಿಕೆಗೆ ತೂತು ಇರುವ ತವೆಯನ್ನು ತೂಗುಹಾಕಬಹುದು. ಮಣ್ಣಿನ ಗೋಡೆಯಲ್ಲಿ ಬರೀ ಮೊಳೆ ನಿಲ್ಲದು. ಎರಡು ಕಂಬಗಳಿಗೆ ಅಡ್ಡಲಾಗಿ ಪಟ್ಟಿ ಬಡಿದು ಅದಕ್ಕೆ ಕೊಕ್ಕೆ ಹಾಕಿಸಿರಿ. ಪಟ್ಟಣದ ಬಾಡಿಗೆ ಮನೆಯಲ್ಲಿ “ಮೊಳಿ ಹೊಡಿಬ್ಯಾಡ್ರಿ” ಎನ್ನುವ ಮಾಲಕರು ಇರುತ್ತಾರೆ. ಅಲ್ಲಿ ಕಿಟಕಿಯ ಸರಳಿಗೆ ದಪ್ಪ ತಂತಿಯ ಕೊಕ್ಕೆ ಸಿಕ್ಕಿಸಬಹುದು. ಶಹಾಪುರ, ವಡಗಾವಿಯ ಕಡೆ ಮಗ್ಗಕ್ಕೂ ಸಂಸಾರಕ್ಕೂ ಒಂದೇ ಮನೆಯಾದಲ್ಲಿ ಈ ಉಪಾಯ ಬಹಳ ಉಪಯೋಗ.

ಆದರೆ ಕೊಕ್ಕೆಯನ್ನು ನಂಬುವ ಮೊದಲು ಪರೀಕ್ಷೆ ಮಾಡಿರಿ. ಹಂಚು 3 ಕಿಲೋ ತೂಗಿದರೆ 6 ಕಿಲೋ ಜೋಳದ ಚೀಲವನ್ನು ಅದೇ ಕೊಕ್ಕೆಗೆ ಒಂದು ರಾತ್ರಿ ಕಟ್ಟಿರಿ. ಬೆಳಿಗ್ಗೆ ಕೊಕ್ಕೆ ಅಲುಗದೆ ಇದ್ದರೆ ಮಾತ್ರ ಹಂಚು ಹಾಕಿರಿ. ಉರಿಯುವ ಒಲೆಯ ಮೇಲೆ, ತೊಟ್ಟಿಲ ಮೇಲೆ, ಮಕ್ಕಳು ಉಣ್ಣಲು ಕೂಡ್ರುವ ಜಾಗದ ಮೇಲೆ ಎಂದೂ ತೂಗುಹಾಕಬೇಡಿರಿ. ಜಾಗ ಉಳಿಸಲು ಹೋಗಿ ಕೂಸಿನ ತಲೆಗೆ ಪೆಟ್ಟಾಗಬಾರದು.

ಕಡಾಯಿಗಳು ನಿಲ್ಲುವುದಿಲ್ಲ, ಅವನ್ನು ಒಂದರೊಳಗೊಂದು ಇಡಬೇಕಾಗುತ್ತದೆ. ದೊಡ್ಡದು, ಭಾರದ್ದು ಕೆಳಗೆ; ಸಣ್ಣದು ಮೇಲೆ. ನಡುವೆ ಒಣಗಿದ ಹಳೆಯ ಅರಿವೆ ಹಾಸಿರಿ. ನಾನ್‌ಸ್ಟಿಕ್ ತವೆಯ ಮೇಲೆ ಕಬ್ಬಿಣ ಇಟ್ಟರೆ ಅದರ ಲೇಪ ಕೆರೆದುಹೋಗುತ್ತದೆ. ಮಣ್ಣಿನ ಹಂಚಿನ ಮೇಲೆ ಯಾವುದನ್ನೂ ಇಡಬಾರದು. ಅದಕ್ಕೆ ನಮ್ಮ ಹಿರಿಯರ ಹಗ್ಗದ ನೆಲುವೇ ಒಳ್ಳೆಯದು. ಅಲ್ಲಿ ಗಾಳಿಯಾಡಿ ಒಣಗಿಯೂ ಇರುತ್ತದೆ. ತೇವ ಕುಡಿದ ಮಣ್ಣಿನ ಹಂಚನ್ನು ಒಮ್ಮೆಲೆ ಜೋರು ಉರಿಗೆ ಇಟ್ಟರೆ ಸೀಳುತ್ತದೆ.

ಇನ್ನು ಮಳೆಗಾಲದ ಮಾತು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ, ಜಾಂಬೋಟಿಯ ಕಡೆ ಮಳೆ ಹಿಡಿದರೆ ಗೋಡೆಯೇ ಬೆವರುತ್ತದೆ. ಕಬ್ಬಿಣಕ್ಕೆ ನೀರು-ಗಾಳಿ ಎರಡೂ ತಾಗಿದರೆ ಜಂಗು ಬರುತ್ತದೆ. ಆದ್ದರಿಂದ ಹಂಚನ್ನು ತೊಳೆದು, ಒರೆಸಿ, ಸಣ್ಣ ಉರಿಯ ಮೇಲೆ ಒಣಗಿಸಿರಿ. ಬಿಸಿ ಇರುವಾಗಲೇ ಅರಿವೆಯ ಚೂರಿನಿಂದ ನಾಲ್ಕು ಹನಿ ಎಣ್ಣೆ ತೆಳ್ಳಗೆ ಸವರಿರಿ. ತೂಗುಹಾಕಿದ ಹಂಚಿಗೂ ಗೋಡೆಗೂ ನಡುವೆ ಎರಡು ಬೆರಳು ಸಂದು ಇರಲಿ. ನಡುವೆ ಹಾಸಿದ ಅರಿವೆಯನ್ನು ಆಗಾಗ ಒಣಗಿಸಿರಿ. ಹಸಿ ಅರಿವೆ ಜಂಗನ್ನು ಹೆಚ್ಚಿಸುತ್ತದೆ.

ಈಗಾಗಲೇ ಜಂಗು ಹಿಡಿದಿದ್ದರೂ ಚಿಂತೆ ಬೇಡ. ದಪ್ಪ ಉಪ್ಪು ಹಾಕಿ ತೆಂಗಿನ ನಾರಿನಿಂದ ತಿಕ್ಕಿ, ತೊಳೆದು, ಕಾಯಿಸಿ, ಎಣ್ಣೆ ಸವರಿ ಮತ್ತೆ ಕಾಯಿಸಿರಿ. ಎರಡು-ಮೂರು ಸಲ ಹೀಗೆ ಮಾಡಿದರೆ ಹಂಚು ತಿರುಗಿ ಪಳಗುತ್ತದೆ. ತೂತು ಬೀಳದ, ಸೀಳದ ಹಂಚು ಮೋಡಕಾಕ್ಕೆ ಹೋಗಬೇಕಾದದ್ದಲ್ಲ.

ರೈತ ಬಾಂಧವರೆ, ಹಲಗೆ ಕೊರೆಯುವುದು, ಗೂಟ ಹೊಡೆಯುವುದು ನಿಮ್ಮ ಕೆಲಸ. “ಅಡಗಿಮನಿ ಕೆಲಸ ಹೆಂಗಸರದು” ಎಂದು ಕೈಕಟ್ಟಿ ಕೂಡ್ರಬೇಡಿರಿ. ಮಗಳೋ ಮಗನೋ ಪಟ್ಟಣಕ್ಕೆ ಮನೆ ಮಾಡಲು ಹೊರಟರೆ ಅಕ್ಕಿ-ಬೇಳೆಯ ಗಂಟಿನ ಜೊತೆಗೆ ಅಂಥದೊಂದು ಹಲಗೆಯನ್ನೂ ಕಟ್ಟಿಕೊಡಿರಿ. ಮನೆಯ ಹಳೆಯ ಹಂಚು ಅವರ ಜೊತೆ ಹೋಗಿ, ಅಲ್ಲಿಯೂ ರೊಟ್ಟಿ ಬೇಯಿಸಲಿ.