ಹಳೆಯ ಪೇಟೆಗಳ ಜೀರ್ಣೋದ್ಧಾರ ಮತ್ತು ಅದರ ಆರ್ಥಿಕ ಮೂಲಗಳು: ಕಲಬುರಗಿ ಪರಿಸರ

ಐತಿಹಾಸಿಕ ಪಟ್ಟಣವೊಂದರ ನಡುಭಾಗವೆಂದರೆ ಕೇವಲ ಕೋಟೆ, ದೇವಾಲಯ, ಮಸೀದಿಗಳಲ್ಲ. ಅವುಗಳನ್ನು ಒಂದಕ್ಕೊಂದು ಬೆಸೆಯುವ ಅಂಗಡಿಸಾಲು, ಅಗಸಿ, ವಾಡೆ, ಬಾವಿ ಹಾಗೂ ಮಾಳಿಗೆ ಮನೆಗಳು ಸೇರಿದಾಗ ಮಾತ್ರ ಪೇಟೆ ಎಂಬ ಸಮಗ್ರ ಘಟಕ ರೂಪುಗೊಳ್ಳುತ್ತದೆ. ಇಂದು ಸಂರಕ್ಷಿತ ಸ್ಮಾರಕಕ್ಕೆ ಪುರಾತತ್ತ್ವ ಇಲಾಖೆಯ ಅನುದಾನವಿದೆ. ರಸ್ತೆ, ಚರಂಡಿಗಳಿಗೆ ಸ್ಥಳೀಯ ಸಂಸ್ಥೆಯ ಅನುದಾನವಿದೆ. ಇವೆರಡರ ನಡುವೆ ಉಳಿಯುವ ಖಾಸಗಿ ಕಟ್ಟಡಗಳಿಗೆ ನೇರವಾಗಿ ತಲುಪುವ ನೆರವು ಅತಿ ವಿರಳ. ಪೇಟೆಯ ಪುನರುಜ್ಜೀವನದ ಪ್ರಶ್ನೆ ಹಣದ ಮೊತ್ತಕ್ಕಿಂತ ಹೆಚ್ಚಾಗಿ ಅದರ ಸ್ವರೂಪಕ್ಕೆ ಸಂಬಂಧಿಸಿದ್ದೆಂಬುದನ್ನು ಕಲಬುರಗಿ ಪರಿಸರದ ಹಿನ್ನೆಲೆಯಲ್ಲಿ ಪರಿಶೀಲಿಸಬಹುದಾಗಿದೆ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನೊಳಗೊಂಡ ಈ ಸೀಮೆ ಕಲ್ಯಾಣ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿತ್ತು. ಆ ಕಾಲದ ದತ್ತಿಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಪುಂಜ ಮತ್ತೆ ಮತ್ತೆ ಬರುತ್ತದೆ. ಮುರಿದುದನ್ನೂ ಬಿರುಕು ಬಿಟ್ಟುದನ್ನೂ ದುರಸ್ತಿಗೊಳಿಸುವ ವೆಚ್ಚಕ್ಕೆಂದು ಭೂಮಿಯನ್ನೋ ಸುಂಕದ ಭಾಗವನ್ನೋ ಬಿಟ್ಟುಕೊಡುವುದು ಇದರ ತಾತ್ಪರ್ಯ. ಅಯ್ಯಾವೊಳೆ ಐನೂರ್ವರು, ಮುಮ್ಮುರಿದಂಡ ಮೊದಲಾದ ವರ್ತಕ ಸಂಘಗಳು ಹೇರಿಗಿಷ್ಟು, ಅಂಗಡಿಗಿಷ್ಟು ಎಂದು ತಮ್ಮ ಮೇಲೆ ತಾವೇ ಆಯವನ್ನು ವಿಧಿಸಿಕೊಂಡು ದೇವಾಲಯಗಳಿಗೆ ಬಿಟ್ಟ ಉದಾಹರಣೆಗಳು ಕನ್ನಡ ಶಾಸನಗಳಲ್ಲಿ ಹೇರಳವಾಗಿವೆ. ಇಲ್ಲಿ ಗಮನಾರ್ಹವಾದ ಅಂಶಗಳು ಎರಡು: ಹಣ ವ್ಯಾಪಾರದಿಂದಲೇ ಹುಟ್ಟುತ್ತಿತ್ತು, ಅದು ವರ್ಷವರ್ಷವೂ ಬರುತ್ತಿತ್ತು. ಕಟ್ಟುವುದರ ಜೊತೆಗೆ ಕಾಪಾಡುವ ವೆಚ್ಚವನ್ನೂ ದತ್ತಿ ಬಿಡುವಾಗಲೇ ಯೋಚಿಸಲಾಗುತ್ತಿತ್ತು.

1347ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾದ ಕಲಬುರಗಿಯಲ್ಲಿ ಕೋಟೆಯೊಳಗೆ 1367ರ ಜಾಮಿ ಮಸೀದಿಯಿದೆ. ಕಮಾನುಗಳ ಸಾಲಿನ ಹಳೆಯ ಬಜಾರು ಆ ಕಾಲದ ವಾಣಿಜ್ಯ ವ್ಯವಸ್ಥೆಗೆ ಸಾಕ್ಷಿಯಾಗಿದೆ. ಕೋಟೆಯ ಹೊರಗೆ ಖ್ವಾಜಾ ಬಂದೇನವಾಜ ದರ್ಗಾ ಹಾಗೂ ಶರಣಬಸವೇಶ್ವರ ದೇವಾಲಯಗಳ ಸುತ್ತ ವಸತಿಯೂ ವ್ಯಾಪಾರವೂ ಬೆಳೆದವು. ಆಳಂದದ ಲಾಡ್ಲೆ ಮಶಾಯಕ ದರ್ಗಾ, ಭೀಮಾ–ಅಮರ್ಜಾ ಸಂಗಮದ ದೇವಲ ಗಾಣಗಾಪುರದ ದತ್ತ ಕ್ಷೇತ್ರಗಳಿಗೂ ಯಾತ್ರಿಕರನ್ನು ಆಶ್ರಯಿಸಿದ ವಾಣಿಜ್ಯವಿದೆ. ಫರಸಿ ಕಲ್ಲು, ಮಣ್ಣಿನ ಮಾಳಿಗೆಗಳಿಂದಾದ ಇಲ್ಲಿನ ಹಳೆಯ ಮನೆಗಳು ಪ್ರತಿ ಮಳೆಗಾಲದ ಮುನ್ನ ಆರೈಕೆಯನ್ನು ಬೇಡುತ್ತವೆ. ಒಂದೆರಡು ವರ್ಷ ಮೇಲ್ಮುದ್ದೆ ತಪ್ಪಿದರೆ ನೀರು ಗೋಡೆಗಿಳಿದು ತೊಲೆ ಕುಸಿಯುತ್ತದೆ. ಆದ್ದರಿಂದ ಇಂತಹ ಕಟ್ಟಡಗಳಿಗೆ ಒಮ್ಮೆ ಸಿಗುವ ದೊಡ್ಡ ಮೊತ್ತಕ್ಕಿಂತ ಪ್ರತಿವರ್ಷ ಸಿಗುವ ಸಣ್ಣ ಮೊತ್ತವೇ ಹೆಚ್ಚು ಉಪಯುಕ್ತ.

ಆಧುನಿಕ ಯೋಜನೆಗಳ ಸ್ವರೂಪ ಇದಕ್ಕೆ ವಿರುದ್ಧವಾಗಿದೆ. ಕೇಂದ್ರ ಸರ್ಕಾರ 2015ರ ಜನವರಿಯಲ್ಲಿ ಆರಂಭಿಸಿದ ‘ಹೃದಯ್’ ಯೋಜನೆ 500 ಕೋಟಿ ರೂಪಾಯಿಗಳ ವೆಚ್ಚದಲ್ಲಿ 12 ಪಾರಂಪರಿಕ ನಗರಗಳನ್ನು ಆಯ್ದುಕೊಂಡಿತು. ಕರ್ನಾಟಕದಿಂದ ಆಯ್ಕೆಯಾದದ್ದು ಬಾದಾಮಿ ಮಾತ್ರ. ಅದಕ್ಕೆ ನಿಗದಿಯಾದದ್ದು 22.26 ಕೋಟಿ ರೂಪಾಯಿ. 2019ರ ಮಾರ್ಚ್ 31ಕ್ಕೆ ಯೋಜನೆ ಮುಕ್ತಾಯಗೊಂಡಿತು. ಹೀಗೆ ಅವಧಿ ಮುಗಿಯುವ ಯೋಜನೆಯಲ್ಲಿ ಅನಂತರದ ನಿರ್ವಹಣೆಯ ಹೊಣೆ ಸ್ಥಳೀಯ ಸಂಸ್ಥೆಯ ಮೇಲೆ ಬೀಳುತ್ತದೆ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ಮೂಲಕ ಪ್ರತ್ಯೇಕ ಅಭಿವೃದ್ಧಿ ಮಂಡಳಿ ದೊರೆತಿದ್ದು, 2023-24ರ ರಾಜ್ಯ ಆಯವ್ಯಯದಲ್ಲಿ ಅದಕ್ಕೆ 5,000 ಕೋಟಿ ರೂಪಾಯಿಗಳನ್ನು ಘೋಷಿಸಲಾಯಿತು. ಆದರೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಸೇರಿವೆ. ಶಾಲೆ, ಆಸ್ಪತ್ರೆ, ಕುಡಿಯುವ ನೀರುಗಳ ಬೇಡಿಕೆಯ ಮುಂದೆ ಹಳೆಯ ಪೇಟೆಯ ಬೇಡಿಕೆ ಹಿಂದೆ ಸರಿಯುವುದು ಸಹಜವೇ ಆಗಿದೆ.

ಮುಜರಾಯಿ ವ್ಯವಸ್ಥೆಯಲ್ಲಿ ಹೆಚ್ಚು ಆದಾಯವುಳ್ಳ ದೇವಾಲಯಗಳ ಆದಾಯದ ಒಂದು ಪಾಲು ಸಾಮಾನ್ಯ ಸಂಗ್ರಹಣಾ ನಿಧಿಗೆ ಸೇರುತ್ತದೆ. ಇದು ಆವರ್ತಕ ಮೂಲವೇ ಆದರೂ ಅದರ ಉದ್ದೇಶ ಧಾರ್ಮಿಕ ಸಂಸ್ಥೆಗಳಿಗೆ ಸೀಮಿತವಾದದ್ದು. ಗುಡಿಯ ಮುಂದಿನ ಬೀದಿಗೆ ಅದು ಹರಿಯುವುದಿಲ್ಲ. ಇನ್ನೊಂದೆಡೆ, 1958ರ ಸ್ಮಾರಕ ಸಂರಕ್ಷಣಾ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ದುರಸ್ತಿಗೂ ಅನುಮತಿ ಪಡೆಯಬೇಕು. ನಿರ್ಬಂಧವು ಮಾಲೀಕನ ಪಾಲಿಗೆ ಬರುತ್ತದೆ. ಅದಕ್ಕೆ ಪ್ರತಿಯಾದ ನೆರವು ಜೊತೆಯಲ್ಲಿ ಬರುವುದಿಲ್ಲ. ಇಂತಹ ಸ್ಥಿತಿಯಲ್ಲಿ ಹಳೆಯ ಮನೆ ಆಸ್ತಿಯಾಗುವ ಬದಲು ಭಾರವಾಗುತ್ತದೆ.

ಈ ಅಂತರವನ್ನು ಅನ್ಯ ದೇಶಗಳು ಬೇರೆ ಬೇರೆ ರೀತಿಯಲ್ಲಿ ತುಂಬಿವೆ. ಕೆನಡಾದ ಟೊರಾಂಟೋ ನಗರದ ಬ್ಲೋರ್ ವೆಸ್ಟ್ ವಿಲೇಜ್‌ನ ವರ್ತಕರು 1970ರಲ್ಲಿ ತಮ್ಮ ಬೀದಿಯ ಸುಧಾರಣೆಗೆ ತಾವೇ ವಿಶೇಷ ಕರ ತೆರುವ ವ್ಯವಸ್ಥೆಯನ್ನು ಆರಂಭಿಸಿದರು. ಮುಂದೆ ಅದು ಹಲವು ದೇಶಗಳಿಗೆ ಹಬ್ಬಿತು. ಅಮೆರಿಕದಲ್ಲಿ ಆದಾಯ ತರುವ ಐತಿಹಾಸಿಕ ಕಟ್ಟಡವನ್ನು ನಿಯಮಾನುಸಾರ ದುರಸ್ತಿ ಮಾಡಿದವರಿಗೆ ಅರ್ಹ ವೆಚ್ಚದ ಶೇಕಡಾ 20ರಷ್ಟು ತೆರಿಗೆ ರಿಯಾಯಿತಿ ದೊರೆಯುತ್ತದೆ. ಮೊದಲನೆಯದು ಐನೂರ್ವರ ಆಯಕ್ಕೆ ಬಹು ಹತ್ತಿರವಾದದ್ದು. ಕರ್ನಾಟಕದಲ್ಲಿಯೇ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಪ್ರಾಚೀನ ದೇವಾಲಯಗಳ ಜೀರ್ಣೋದ್ಧಾರದಲ್ಲಿ ಸರ್ಕಾರದಿಂದ ಶೇಕಡಾ 40, ಟ್ರಸ್ಟಿನಿಂದ ಶೇಕಡಾ 40, ಸ್ಥಳೀಯರಿಂದ ಶೇಕಡಾ 20 ಎಂಬ ಹಂಚಿಕೆಯನ್ನು ಅನುಸರಿಸಿದೆ. ಊರಿನವರ ಪಾಲು ಚಿಕ್ಕದಾದರೂ ಅದು ಕೆಲಸದ ಮೇಲೆ ಅವರ ಕಣ್ಣಿರುವಂತೆ ಮಾಡುತ್ತದೆ.

ಈ ಹಂಚಿಕೆಯನ್ನು ಗುಡಿಯಿಂದ ಬೀದಿಗೆ ವಿಸ್ತರಿಸುವುದು ಅಸಾಧ್ಯವೇನಲ್ಲ. ಮಂಡಳಿಯ ಅನುದಾನದ ಒಂದು ಭಾಗವನ್ನು ಮೂಲಧನವಾಗಿರಿಸಿ, ಅದರ ಬಡ್ಡಿಗೆ ಸ್ಥಳೀಯ ಸಂಸ್ಥೆಯ ಮತ್ತು ವರ್ತಕರ ವಾರ್ಷಿಕ ಪಾಲನ್ನು ಕೂಡಿಸಿದರೆ ಶಾಶ್ವತ ದುರಸ್ತಿ ನಿಧಿಯೊಂದು ಏರ್ಪಡುತ್ತದೆ. ಹಳೆಯ ರೂಪವನ್ನು ಕಾಪಾಡಿಕೊಂಡ ಮನೆಗೆ ಆಸ್ತಿ ತೆರಿಗೆಯಲ್ಲಿ ವಿನಾಯಿತಿ ಇನ್ನೊಂದು ಮಾರ್ಗ. ಕಲಬುರಗಿಯಲ್ಲಿ ಮಹಾನಗರ ಪಾಲಿಕೆ, ಆಳಂದದಲ್ಲಿ ಪುರಸಭೆ ಇದರ ಹೊಣೆ ಹೊರಬಹುದು. ಆದರೆ ಹೋಬಳಿ ಕೇಂದ್ರವಾಗಿಯೂ ಗ್ರಾಮ ಪಂಚಾಯತಿಯಾಗಿರುವ ನರೋಣಾದಂತಹ ಊರು ‘ನಗರ’ದ ಹೆಸರಿನ ಯಾವ ಯೋಜನೆಯ ವ್ಯಾಪ್ತಿಗೂ ಬರುವುದಿಲ್ಲ. ಅಗಸಿ, ಗುಡಿ, ಸಂತೆಯ ಬಯಲುಗಳುಳ್ಳ ಇಂತಹ ಊರುಗಳನ್ನು ನಿಧಿಯ ವ್ಯಾಪ್ತಿಗೆ ತರಬೇಕಾದರೆ ಜನಸಂಖ್ಯೆಗೆ ಬದಲಾಗಿ ಊರಿನ ಪ್ರಾಚೀನತೆಯನ್ನೂ ಕಟ್ಟಡಗಳ ಸ್ಥಿತಿಯನ್ನೂ ಮಾನದಂಡವಾಗಿ ಇಟ್ಟುಕೊಳ್ಳುವುದು ಅಗತ್ಯ. ಅದಕ್ಕೆ ಮೊದಲು ಆಗಬೇಕಾದದ್ದು ಹೋಬಳಿವಾರು ಕಟ್ಟಡಗಳ ಪಟ್ಟಿ. ಯಾವ ಮಾಳಿಗೆ ಈ ಮಳೆಗಾಲವನ್ನು ತಾಳುತ್ತದೆ, ಯಾವುದು ತಾಳದು ಎಂಬುದು ದಾಖಲಾಗದ ಹೊರತು ನಿಧಿ ಎಷ್ಟೇ ಇದ್ದರೂ ಅದು ಮತ್ತೆ ರಸ್ತೆಗೂ ದೀಪದ ಕಂಬಕ್ಕೂ ಹೋಗಿ ಸೇರುತ್ತದೆ.