ಹೊಸ್ತಿಲಿನ ಗೋಣಿತಾಟು

ನಮ್ಮ ದೇಶದ ಬೀದಿನಾಯಿಗಳು ಹೆಚ್ಚಾಗಿ ಮಳೆಗಾಲ ಇಳಿಯುವ ಹೊತ್ತಿಗೆ ಬೆದೆಗೆ ಬರುತ್ತವೆ. ಗರ್ಭದ ಅವಧಿ ಸುಮಾರು 63 ದಿನ. ಹಾಗಾಗಿ ಚಳಿಗಾಲದಲ್ಲಿ ಯಾವ ಊರಿಗೆ ಹೋದರೂ ಹುಲ್ಲಿನ ಬಣವೆಯ ಬುಡದಲ್ಲಿ, ಕಟ್ಟಿಗೆ ರಾಶಿಯ ಸಂದಿಯಲ್ಲಿ ಕಣ್ಣು ಬಿಡದ ಮರಿಗಳು. ಡಿಸೆಂಬರಿನಲ್ಲಿ ಹುಟ್ಟಿದ ಮರಿ ಶಿವರಾತ್ರಿಯ ಸುಮಾರಿಗೆ ಯಾರದೋ ಮನೆ ಸೇರುತ್ತದೆ. ಬೇಸಿಗೆಯಿಡೀ ಹೊರಗೇ ಹೋಗಿ ಬರುವುದನ್ನು ಕಲಿಯುತ್ತದೆ. ಮೃಗಶಿರ ಮಳೆ ಹಿಡಿಯುವಾಗ ಅದಕ್ಕೆ ಆರು ತಿಂಗಳು. ಮೈಯಲ್ಲಿ ಹರೆಯ ಏರುವುದೂ ಅಂಗಳಕ್ಕೆ ಮಳೆ ಇಳಿಯುವುದೂ ಒಂದೇ ತಿಂಗಳಲ್ಲಿ. ಮಲೆನಾಡಿನ ಮನೆಗಳಲ್ಲಿ ಜೂನ್ ಬಂತೆಂದರೆ ‘ಕಲಿತದ್ದೆಲ್ಲ ಮರೆತು ಒಳಗೇ ಉಚ್ಚೆ ಹೊಯ್ತಾ ಇದೆ’ ಎಂಬ ದೂರು ಏಳುವುದು ಸುಮ್ಮನೆ ಅಲ್ಲ.

ತೀರ್ಥಹಳ್ಳಿ ಸೀಮೆಯ ಚಿಕ್ಕಮ್ಮನ ಮನೆಗೆ ನಾನು ಹೋದದ್ದು ಮಳೆಗಾಲದ ಕಪ್ಪೆಗಳ ಕೂಗನ್ನು ಬರೆದಿಟ್ಟುಕೊಳ್ಳಲು. ಆದರೆ ಟಿಪ್ಪಣಿ ಪುಸ್ತಕದ ಹೆಚ್ಚು ಪುಟಗಳನ್ನು ತಿಂದದ್ದು ಕಾಳಿ. ಅಡಿಕೆ ಮನೆಯ ಮೂಲೆಯಲ್ಲಿ ಹುಟ್ಟಿದ ನಾಡುನಾಯಿಯ ಹೆಣ್ಣುಮರಿ. ಮೈ ಕಪ್ಪು, ಎದೆಯ ಮೇಲೆ ಕಾಸಿನಗಲದ ಬಿಳಿ ಮಚ್ಚೆ.

ಮೃಗಶಿರ

ಕಣ್ಣು ತೆರೆಯದ ಮರಿ ತಾನಾಗಿ ಉಚ್ಚೆ ಹೊಯ್ಯಲಾರದು. ತಾಯಿ ನೆಕ್ಕಿದಾಗಲೇ ಅದು ಬರುವುದು, ಬಂದದ್ದನ್ನು ತಾಯಿಯೇ ನೆಕ್ಕಿ ಚೊಕ್ಕ ಮಾಡುವುದು. ಮೂರು ವಾರ ಕಳೆಯುತ್ತಿದ್ದಂತೆ ಮರಿ ತೂರಾಡುತ್ತ ಮಲಗುವ ಜಾಗದಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ಕೂರುತ್ತದೆ. ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಐದರಿಂದ ಒಂಬತ್ತು ವಾರಗಳ ನಡುವೆ ಅಂಗಾಲಿಗೆ ಒಂದು ರುಚಿ ಹತ್ತುತ್ತದೆ. ಹುಲ್ಲಿನ ಮೇಲೆ ಕೂತು ಬೆಳೆದದ್ದು ಹುಲ್ಲನ್ನು ಹುಡುಕುತ್ತದೆ, ಸಿಮೆಂಟಿನ ಮೇಲೆ ಬೆಳೆದದ್ದು ಸಿಮೆಂಟನ್ನು. ಕಾಳಿಗೆ ಹತ್ತಿದ್ದು ದರಕಿನ, ಅಂದರೆ ಉದುರಿದ ಒಣ ಎಲೆಯ, ರುಚಿ. ಬೇಸಿಗೆಯಲ್ಲಿ ಅದು ಹೋಗುತ್ತಿದ್ದದ್ದು ಅಂಗಳದಾಚೆಯ ಹಲಸಿನ ಮರದ ಬುಡಕ್ಕೆ. ಅಲ್ಲಿ ಒಣಗಿದೆಲೆ ಮೊಣಕಾಲುದ್ದ ಬಿದ್ದಿರುತ್ತದೆ, ಕಾಲಿಟ್ಟರೆ ಕುಸಿಯುತ್ತದೆ, ಬಿದ್ದದ್ದು ಸಿಡಿಯದೆ ಇಂಗುತ್ತದೆ.

ಮಳೆ ಹಿಡಿದ ಒಂದು ವಾರದಲ್ಲಿ ಆ ದರಕು ಕೊಳೆತು ಕೆಸರಾಯಿತು. ಅದೇ ವಾರ ಚಿಕ್ಕಮ್ಮ ಎಲ್ಲ ಮಲೆನಾಡಿಗರಂತೆ ಅಟ್ಟದಿಂದ ಹಳೇ ಗೋಣಿತಾಟು ಇಳಿಸಿ, ಕೆಸರುಗಾಲು ಒರೆಸಲೆಂದು ಜಗಲಿಯ ಹೊಸ್ತಿಲಿಗೆ ಹಾಸಿದರು. ಒದ್ದೆ, ಮೆತ್ತಗೆ, ಇಂಗಿಸಿಕೊಳ್ಳುವಂಥದ್ದು, ಸಾಲದ್ದಕ್ಕೆ ಹತ್ತು ಜನರ ಅಂಗಾಲಿನ ಮಣ್ಣಿನ ವಾಸನೆ. ಕಾಳಿ ಅದನ್ನು ಮೂಸಿತು, ಒಂದು ಸುತ್ತು ಸುತ್ತಿತು, ಕೂತಿತು. ಮರೆತ ನಾಯಿಯ ಲಕ್ಷಣ ಇದಲ್ಲ. ಕಲಿತದ್ದು ಅಂಗಾಲಿನಲ್ಲಿ ಹಾಗೇ ಇತ್ತು, ಜಾಗ ಮಾತ್ರ ಬದಲಾಗಿತ್ತು.

ಆರಿದ್ರಾ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ಇಲ್ಲಿ ಅಷ್ಟಿಲ್ಲದಿದ್ದರೂ ಆರಿದ್ರೆ ಬಿರುಸಾದರೆ ಸೂರಿನ ನೀರು ಪರದೆ ಕಟ್ಟಿದಂತೆ ಬೀಳುತ್ತದೆ. ಅದನ್ನು ದಾಟಿ ಹೋಗಲು ಕಾಳಿಗೆ ಮನಸ್ಸಿಲ್ಲ. ಕಾರಣ ಬರೀ ಚಳಿಯಲ್ಲ. ನಾಯಿ ಕೂರುವುದಕ್ಕೆ ಮೊದಲು ಮೂಸಬೇಕು, ಮೂಸಲು ನೆಲದಲ್ಲಿ ಹಳೇ ವಾಸನೆ ಉಳಿದಿರಬೇಕು. ಸುರಿವ ಮಳೆ ಅದನ್ನು ತೊಳೆದುಬಿಟ್ಟಿರುತ್ತದೆ. ತಗಡಿನ ಮೇಲಿನ ಸದ್ದಿನಲ್ಲಿ ಬೆನ್ನ ಹಿಂದೆ ಯಾರು ಬಂದರೆಂದು ತಿಳಿಯುವುದಿಲ್ಲ. ಕೂತ ನಾಯಿಗೆ ಓಡಲಾಗದು, ಆದ್ದರಿಂದ ಕಿವಿ ಕೆಲಸ ಮಾಡದ ಕಡೆ ಅದು ಕೂರಲು ಹಿಂಜರಿಯುತ್ತದೆ. ಸಾಲದ್ದಕ್ಕೆ ಉಂಬಳಗಳು, ಅಂದರೆ ಕಾಡಿನ ಜಿಗಣೆಗಳು. ಒಂದು ಸಲ ಮೂಗಿನ ಹೊಳ್ಳೆಗೇ ಹತ್ತಿಸಿಕೊಂಡು ಬಂದ ಮೇಲೆ ಹಲಸಿನ ಬುಡಕ್ಕೆ ಅದು ಮೂತಿ ಚಾಚುವುದನ್ನೇ ಬಿಟ್ಟಿತು.

ಬಲವಂತವಾಗಿ ಕರೆದುಕೊಂಡು ಹೋದರೆ ಕೂರುತ್ತಿತ್ತು. ಆದರೆ ಮೂರ್ನಾಲ್ಕು ಎಣಿಸುವಷ್ಟರಲ್ಲಿ ಎದ್ದು ಒಳಗೆ ಓಟ. ‘ಈಗಷ್ಟೇ ಹೊರಗೆ ಮಾಡಿ ಬಂತಲ್ಲ, ಮತ್ತೆ ಒಳಗೆ ಯಾಕೆ? ಹಟ, ಹಟ’ ಎಂದರು ಚಿಕ್ಕಮ್ಮ. ಇಲ್ಲಿ 2014ರ ಒಂದು ಅಧ್ಯಯನ ನೆನಪಾಯಿತು. ಅಮೆರಿಕದ ಪೆಟ್ರೀಷಿಯಾ ಯಾಂಗ್, ಡೇವಿಡ್ ಹು ಮತ್ತು ಸಂಗಡಿಗರು ಮೃಗಾಲಯದಲ್ಲಿ ವಿಡಿಯೋ ತೆಗೆದು, 3 ಕೆ.ಜಿ.ಗಿಂತ ಹೆಚ್ಚು ತೂಗುವ ಸಸ್ತನಿಗಳಿಗೆ ತುಂಬಿದ ಮೂತ್ರಚೀಲ ಬರಿದು ಮಾಡಲು ಹೆಚ್ಚುಕಡಿಮೆ 21 ಸೆಕೆಂಡು ಬೇಕೆಂದು ಕಂಡುಕೊಂಡರು. ಆನೆಗೂ ಅಷ್ಟೆ, ಹಸುವಿಗೂ ಅಷ್ಟೆ, ನಾಯಿಗೂ ಅಷ್ಟೆ. ಹದಿಮೂರು ಸೆಕೆಂಡಿನಷ್ಟು ಆಚೀಚೆ ಆಗಬಹುದು. ನಗಿಸುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಅವರಿಗೆ ಮರುವರ್ಷ ಬಂತು. ನಾನಂತೂ ನಗಲಿಲ್ಲ, ಕೊಡೆ ಹಿಡಿದು ಎಣಿಸಿದೆ. ಬೇಸಿಗೆಯಲ್ಲಿ ಹಲಸಿನ ಬುಡದಲ್ಲಿ ಆರಾಮವಾಗಿ ಕೂರುತ್ತಿದ್ದ ಮರಿ ಈಗ ಮೂರ್ನಾಲ್ಕಕ್ಕೇ ಎದ್ದರೆ ಚೀಲದಲ್ಲಿ ಇನ್ನೂ ಬಹಳ ಉಳಿದಿದೆ ಎಂದೇ ಅರ್ಥ. ಉಳಿದದ್ದು ಸದ್ದಿಲ್ಲದ, ಉಂಬಳವಿಲ್ಲದ ಗೋಣಿತಾಟಿಗೆ.

ಪುನರ್ವಸು

ಗೋಣಿತಾಟನ್ನು ಎತ್ತಿಬಿಟ್ಟರು. ಹೊಸ್ತಿಲು ಒಣಗಿತು, ಮನೆಯ ನಾತ ಹೋಗಲಿಲ್ಲ. ಎಲ್ಲಿಂದ ಬರುತ್ತಿದೆಯೆಂದು ಯಾರಿಗೂ ಗೊತ್ತಾಗದು. ನನ್ನ ಚೀಲದಲ್ಲಿ ಚೇಳು ಹುಡುಕಲು ಇಟ್ಟುಕೊಂಡಿದ್ದ ಅತಿನೇರಳೆ ಟಾರ್ಚ್ ಇತ್ತು. ಅದರ ಬೆಳಕಿಗೆ ಚೇಳಿನ ಮೈ ಹಸಿರುನೀಲಿಯಾಗಿ ಹೊಳೆಯುತ್ತದೆ. ಒಣಗಿದ ಮೂತ್ರವೂ ಮಂಕು ಹಳದಿಯಾಗಿ ಕಾಣುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ದೀಪ ಆರಿಸಿ ಮನೆಯಿಡೀ ಹುಡುಕಿದೆ. ಒಗೆಯುವ ಪುಡಿಯಲ್ಲಿರುವ ಹೊಳಪಿನ ವಸ್ತುವೂ ಇದೇ ಬೆಳಕಿಗೆ ಉರಿಯುತ್ತದೆ. ಗಳದ ಮೇಲಿದ್ದ ಚಿಕ್ಕಪ್ಪನ ಪಂಚೆ ದೆವ್ವದ ಹಾಗೆ ಬೆಳಗಿತು.

ಮರುದಿನ ಪುಸ್ತಕದಲ್ಲಿ ಮನೆಯ ನಕ್ಷೆ ಬರೆದು ಕಲೆಗಳನ್ನು ಗುರುತು ಹಾಕಿದೆ. ಅಡುಗೆಮನೆಯಲ್ಲಿ ಒಂದೂ ಇಲ್ಲ. ನಡುಮನೆಯಲ್ಲಿ ಇಲ್ಲ. ಮಲಗುವ ಕೋಣೆಗಳಲ್ಲಿ ಇಲ್ಲ. ಇದ್ದದ್ದೆಲ್ಲ ಅಟ್ಟದ ಏಣಿಯ ಕೆಳಗೆ, ಹಿತ್ತಲ ಬಾಗಿಲಿನ ಮೂಲೆಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಉಗ್ರಾಣದಲ್ಲಿ. ಅಡಿಕೆ ಮಾರಿದ ಮೇಲೆ ಉಗ್ರಾಣಕ್ಕೆ ಯಾರೂ ಹೋಗುವುದಿಲ್ಲ. ಖಾಲಿ ಚೀಲಗಳು, ಮುರಿದ ತೊಟ್ಟಿಲು, ಕತ್ತಲೆ.

ಆ ನಕ್ಷೆಯನ್ನು ನೋಡುತ್ತ ಕೂತಾಗ ನನಗೆ ಈ ಸಂಗತಿಯ ತಿರುಳು ಸಿಕ್ಕಿತು. ಮನೆಯೆಂದರೆ ನಮಗೆ ಗೋಡೆ ಮತ್ತು ಸೂರು. ಕಾಳಿಗೆ ಮನೆಯೆಂದರೆ ತನ್ನವರು ಮಲಗುವ, ಉಣ್ಣುವ, ಕಾಲು ಚಾಚಿ ಕೂರುವ ಜಾಗ. ಮೂರು ವಾರದ ಮರಿ ನಾಲ್ಕು ಹೆಜ್ಜೆ ಆಚೆ ಹೋದದ್ದು ಇದೇ ಲೆಕ್ಕದಲ್ಲಿ. ಯಾರ ಮೈವಾಸನೆಯೂ ಇಲ್ಲದ ಉಗ್ರಾಣ ಅದರ ಪಾಲಿಗೆ ಹೊರಗಿನ ಜಾಗ, ಅದೂ ಮಳೆ ಬೀಳದ ಹೊರಗು. ಅದು ತಪ್ಪು ಮಾಡುತ್ತಿರಲಿಲ್ಲ. ಮನೆಯನ್ನು ಶುಚಿಯಾಗಿಟ್ಟು ಉಗ್ರಾಣಕ್ಕೆ ಹೋಗುತ್ತಿತ್ತು.

‘ತಪ್ಪು ಅಂತ ಗೊತ್ತಿಲ್ಲದಿದ್ರೆ ಆ ಕಳ್ಳಮುಖ ಯಾಕೆ?’ ಚಿಕ್ಕಮ್ಮ ಬಿಡಲಿಲ್ಲ. ಬೈದರೆ ಕಾಳಿ ಕಿವಿ ಹಿಂದಕ್ಕೆ ಮಡಿಸಿ, ಬಾಲ ಒಳಗೆ ಸೇರಿಸಿ, ಕಣ್ಣು ತಪ್ಪಿಸುವುದು ನಿಜ. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ತಿನ್ನಬೇಡ ಎಂದದ್ದನ್ನು ತಿಂದ ನಾಯಿ, ತಿನ್ನದ ನಾಯಿ ಎರಡನ್ನೂ ಯಜಮಾನರಿಂದ ಬೈಸಿದರು. ಆ ಮುಖ ಬಂದದ್ದು ಬೈಗುಳಕ್ಕೆ, ಮಾಡಿದ ತಪ್ಪಿಗಲ್ಲ. ತಿನ್ನದೆಯೂ ಬೈಸಿಕೊಂಡ ನಾಯಿಯ ಮುಖದಲ್ಲಿ ಅದು ಇನ್ನೂ ಎದ್ದು ಕಾಣುತ್ತಿತ್ತು. ಮೂತಿಯನ್ನು ಕೊಚ್ಚೆಗೆ ತಿಕ್ಕುವ ಹಳೇ ಪದ್ಧತಿಯಿಂದ ನಾಯಿ ಕಲಿಯುವುದು ಒಂದೇ, ಈ ಜನರ ಎದುರು ಕೂರಬಾರದು ಎಂದು. ಆಮೇಲೆ ಹಗ್ಗ ಹಿಡಿದು ಹೊರಗೆ ಕರೆದೊಯ್ದರೂ ನಿಮ್ಮ ಕಣ್ಣೆದುರು ಅದು ಕೂರದು. ಒಳಗೆ ಬಂದು ಏಣಿಯ ಕೆಳಗೆ ಮರೆ ಹುಡುಕುತ್ತದೆ.

ಪುಷ್ಯ, ಆಶ್ಲೇಷಾ

ಕೊಟ್ಟಿಗೆಯ ಪಕ್ಕದಲ್ಲಿ ಇಳಿಮಾಡು ಇತ್ತು. ಅದರಡಿ ಕೊಟ್ಟಿಗೆಗೆಂದು ಕೂಡಿಟ್ಟ ಒಣ ದರಕನ್ನು ಹರಡಿ, ಹೊಸ್ತಿಲಿನಿಂದ ಎತ್ತಿದ್ದ ಆ ಗೋಣಿತಾಟಿನ ಒಂದು ತುಂಡನ್ನು ನಡುವೆ ಹೂತೆವು. ಮೂಗಿಗೆ ಗುರುತು, ಅಂಗಾಲಿಗೆ ಹಳೇ ರುಚಿ, ತಲೆಯ ಮೇಲೆ ಸೂರು. ನಿದ್ದೆಯಿಂದ ಎದ್ದ ತಕ್ಷಣ, ಉಂಡ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ, ಕುಣಿದಾಟ ಮುಗಿದ ಮೇಲೆ ಅಲ್ಲಿಗೆ ಹೋಗುವುದು. ಹೊಟ್ಟೆಗೆ ಅನ್ನ ಬಿದ್ದರೆ ಕರುಳು ತಾನೇ ಅಲುಗುತ್ತದೆ, ಅದಕ್ಕೆ ಈ ಹೊತ್ತು. ಎಣಿಕೆ ಮುಗಿಯುವವರೆಗೆ ಮಾತಿಲ್ಲ. ಮುಗಿದ ಮೇಲೆ, ಅಲ್ಲೇ, ಒಂದು ಚೂರು ಬೆಲ್ಲದ ದೋಸೆ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಬಹುಮಾನ ಸಿಕ್ಕಿತೆಂದುಕೊಳ್ಳುತ್ತದೆ. ಆಗ ಮೂರು ಸೆಕೆಂಡಿನ ಕೆಲಸವೇ ಗಟ್ಟಿ.

ಒಂದು ಸಂಜೆ ಚಿಕ್ಕಪ್ಪ ಕಂಬಳಿಕೊಪ್ಪೆ ಹೊದ್ದು ಹಗ್ಗ ಹಿಡಿದಾಗ ಕಾಳಿ ಬೊಗಳಿ ಹಿಂದೆ ಸರಿಯಿತು. ಅದಕ್ಕೆ ಆ ಆಕಾರದಲ್ಲಿ ಮನುಷ್ಯನೇ ಕಾಣಲಿಲ್ಲ. ಕೊಪ್ಪೆ ತೆಗೆದು ನೆನೆದುಕೊಂಡೇ ಹೋದರು.

ತೊಳೆಯುವ ವಿಷಯದಲ್ಲಿ ಮನೆಯಲ್ಲಿ ಸ್ವಲ್ಪ ಜಗಳವೇ ಆಯಿತು. ಚಿಕ್ಕಮ್ಮನ ನಂಬಿಕೆ ಫಿನಾಯಿಲಿನ ಮೇಲೆ. ಫಿನಾಯಿಲ್ ನಮ್ಮ ಮೂಗನ್ನು ಮುಚ್ಚುತ್ತದೆ, ನಾಯಿ ಅದರಡಿಯ ವಾಸನೆಯನ್ನು ಬೇರೆಯಾಗಿಯೇ ಹಿಡಿಯುತ್ತದೆ. ಮೂತ್ರದ ಯೂರಿಯಾ ಕೊಳೆತು ಅಮೋನಿಯಾ ಆಗುವುದರಿಂದ ಅಮೋನಿಯಾ ಇರುವ ದ್ರಾವಣ ಹಾಕಿ ಒರೆಸಿದರಂತೂ ಇಲ್ಲೇ ಹೊಯ್ಯಿ ಎಂದು ಬರೆದಿಟ್ಟ ಹಾಗೆ. ಕೆಂಪು ಗಾರೆಯ ಬಿರುಕುಗಳಿಗೆ ಶಿವಮೊಗ್ಗದಿಂದ ಕಿಣ್ವದ ದ್ರಾವಣ ತರಿಸಿ ಸುರಿದು, ಇಡೀ ದಿನ ಬಿಟ್ಟು ಒರೆಸಿದೆವು. ಕೈಗವಸು ಹಾಕಿಕೊಳ್ಳಲೇಬೇಕೆಂದು ಹಟ ಹಿಡಿದವನು ನಾನು. ಮಳೆಗಾಲದ ಮಲೆನಾಡಿನಲ್ಲಿ ಇಲಿಜ್ವರದ ಸೂಕ್ಷ್ಮಾಣು ಇಲಿಯಿಂದ ನಾಯಿಗೂ, ನಾಯಿಯ ಮೂತ್ರದಿಂದ ನಮಗೂ ದಾಟಬಹುದು. ಗಾಯದ ಕೈಯಲ್ಲಿ ಒದ್ದೆ ನೆಲ ಒರೆಸುವುದು ಸಲ್ಲದು. ನಾಯಿಗೆ ವರ್ಷಕ್ಕೊಮ್ಮೆ ಅದರ ಲಸಿಕೆಯೂ ಇದೆ.

ಉಗ್ರಾಣಕ್ಕೆ ಮದ್ದು ತೊಳೆಯುವುದಾಗಿರಲಿಲ್ಲ, ವಾಸಿಸುವುದಾಗಿತ್ತು. ಕಾಳಿಯ ಅನ್ನದ ತಟ್ಟೆಯನ್ನು ಅಲ್ಲಿಗೆ ಸಾಗಿಸಿದೆವು. ನಾನು ಚಾಪೆ, ಪುಸ್ತಕ, ದೀಪ ಎತ್ತಿಕೊಂಡು ಮಧ್ಯಾಹ್ನಗಳನ್ನು ಅಲ್ಲೇ ಕಳೆದೆ. ಚಿಕ್ಕಮ್ಮ ಎಲೆಯಡಿಕೆ ತಟ್ಟೆ ಹಿಡಿದು ಬಂದು ಕೂತರು, ನಾಯಿಯ ದೆಸೆಯಿಂದ ಉಗ್ರಾಣ ಗುಡಿಸಿದಂತಾಯಿತು ಎಂದರು. ಆಶ್ಲೇಷೆ ಕಳೆಯುವ ಹೊತ್ತಿಗೆ ಕಾಳಿ ಅಲ್ಲಿ ಸುತ್ತಿ ಮಲಗತೊಡಗಿತು. ಮಲಗಿದ ಕಡೆ ಉಚ್ಚೆ ಇಲ್ಲ. ಟಾರ್ಚ್ ಮತ್ತೆ ಚೇಳಿನ ಕೆಲಸಕ್ಕೆ ಹೋಯಿತು.

ಮಖಾ, ಹುಬ್ಬೆ

ಎಲ್ಲ ಸರಿಹೋಯಿತು ಎನ್ನುವಾಗ ಮತ್ತೆ. ಈ ಸಲ ಗುರುತು ಬೇರೆ. ಮೊದಲು ಒಂದೇ ಕಡೆ ದೊಡ್ಡ ಮಡುವಾಗಿದ್ದದ್ದು ಈಗ ಅಲ್ಲಲ್ಲಿ ಚಮಚದಷ್ಟು. ಕಾಡಿನಲ್ಲಿ ಹೆಜ್ಜೆಗುರುತು ಓದುವವರು ಇದನ್ನೂ ಓದಬಹುದು. ದೊಡ್ಡ ಮಡು ತುಂಬಿದ ಚೀಲದ್ದು. ಕಂಬ, ಮೂಲೆಗಳ ಬುಡದಲ್ಲಿ ತೆಳ್ಳಗೆ ಸಿಡಿದದ್ದು ಗುರುತು ಹಾಕಿದ್ದು. ಮಲಗಿದ್ದ ಚಾಪೆಯೇ ಒದ್ದೆಯಾದರೆ ನಾಯಿಗೆ ತಿಳಿಯದೆಯೇ ಸೋರಿದೆ, ವೈದ್ಯರಿಗೆ ತೋರಿಸಬೇಕು. ಪದೇಪದೇ ಕೂತು ಹನಿಹನಿ ಬಿಡುತ್ತಿದ್ದರೆ, ಮತ್ತೆಮತ್ತೆ ನೆಕ್ಕಿಕೊಳ್ಳುತ್ತಿದ್ದರೆ ಮೂತ್ರಕೋಶದ ಸೋಂಕು ಇರಬಹುದು, ಹೆಣ್ಣುನಾಯಿಗಳಲ್ಲಿ ಅದು ಹೆಚ್ಚು. ಯಾವ ಶಿಸ್ತೂ ಅದನ್ನು ನಿಲ್ಲಿಸದು.

ಬೆಳಗಿನ ಮೊದಲ ಮೂತ್ರವನ್ನು ಸೌಟಿನಲ್ಲಿ ಹಿಡಿದು ಶೀಸೆಗೆ ಹಾಕಿ ಪಶು ಆಸ್ಪತ್ರೆಗೆ ಒಯ್ದೆವು. ಆ ಸೌಟು ಮತ್ತೆ ಅಡುಗೆಮನೆಗೆ ಬರಲಿಲ್ಲ. ಸೋಂಕಿರಲಿಲ್ಲ. ವೈದ್ಯರು ಬಾಲ ಎತ್ತಿ ನೋಡಿ, ಬೆದೆಗೆ ಬರುವ ಹೊತ್ತು ಎಂದರು. ವಾರದಲ್ಲಿ ರಕ್ತ ಕಾಣಿಸಿತು, ಊರಿನ ಗಂಡುನಾಯಿಗಳು ಬೇಲಿಯಾಚೆ ಸಾಲಾಗಿ ಕೂತವು. ಹನಿಹನಿಯಾಗಿ ಬಿಟ್ಟದ್ದೆಲ್ಲ ಅವಕ್ಕೆ ಬರೆದ ಓಲೆ. ಸುಮಾರು ಮೂರು ವಾರ ಹೊರಗೆ ಹೋಗುವಾಗೆಲ್ಲ ಹಗ್ಗ, ಒಳಗಿದ್ದಾಗ ಉಗ್ರಾಣದ ಬಾಗಿಲು ಭದ್ರ. ಮಾತು ಕೇಳುವುದೂ ಈ ದಿನಗಳಲ್ಲಿ ಕಡಿಮೆಯಾಯಿತು, ಅದೂ ಚಿಕ್ಕಮ್ಮನ ಮಾತು ಮಾತ್ರ. ಹಾಲು ಒಯ್ಯಲು ಬರುವ ಹುಡುಗ ‘ಕೂತ್ಕೋ’ ಎಂದರೆ ಕೂರುತ್ತಿತ್ತು. ಇಂಗ್ಲೆಂಡಿನಲ್ಲಿ ಲೂಸಿ ಆಶರ್ ತಂಡ 2020ರಲ್ಲಿ ಪ್ರಕಟಿಸಿದ್ದು ಇದನ್ನೇ. ಐದು ತಿಂಗಳಲ್ಲಿ ಸಾಕಿದವರ ಮಾತು ಕೇಳುತ್ತಿದ್ದ ನಾಯಿಗಳು ಎಂಟು ತಿಂಗಳಲ್ಲಿ ಅವರಿಗೆ ಎದುರು ಬಿದ್ದವು, ಅಪರಿಚಿತರಿಗಲ್ಲ. ಹರೆಯ ಕಳೆದರೆ ಇದೂ ಕಳೆಯುತ್ತದೆ. ಚಿಕ್ಕಮ್ಮ ಇದನ್ನು ಕೇಳಿ ತಮ್ಮ ಮಗನ ಕಡೆ ನೋಡಿದರು.

ದೀಪಾವಳಿ

ಮಳೆ ಹೋಯಿತು, ಹಲಸಿನ ಬುಡದಲ್ಲಿ ಹೊಸ ದರಕು ಬೀಳತೊಡಗಿತು, ಕಾಳಿ ತಾನಾಗಿ ಅಲ್ಲಿಗೆ ಮರಳಿತು. ಉಳಿದದ್ದು ಒಂದೇ. ನೆಂಟರು ಬಂದು ‘ಏನೇ ಕಾಳೀ’ ಎಂದು ದೊಡ್ಡ ದನಿಯಲ್ಲಿ ಬಾಗಿ ತಲೆ ಸವರಿದರೆ ಮೈ ಕುಗ್ಗಿಸಿ, ಮಗ್ಗುಲಾಗಿ, ಅಲ್ಲೇ ಒಂದಿಷ್ಟು ಬಿಡುತ್ತದೆ. ಇದಕ್ಕೂ ಶೌಚದ ಕಲಿಕೆಗೂ ಸಂಬಂಧವಿಲ್ಲ. ನಾನು ಚಿಕ್ಕದು, ಏನೂ ಮಾಡಬೇಡ ಎಂದು ಮರಿ ದೊಡ್ಡ ನಾಯಿಗೆ ಹೇಳುವ ಮಾತು ಅದು. ಬೈದರೆ ಇನ್ನೂ ಹೆಚ್ಚು ಬಿಡುತ್ತದೆ, ಬೇಡಿಕೊಂಡದ್ದು ಸಾಲದಾಯಿತೇನೋ ಎಂದು. ಬಂದವರು ನೋಡದೆ, ಬಾಗದೆ, ಪಕ್ಕಕ್ಕೆ ತಿರುಗಿ ಕೂತು, ತಾನಾಗಿ ಹತ್ತಿರ ಬಂದಾಗ ಗಲ್ಲದ ಕೆಳಗೆ ಕೆರೆದರೆ ಸಾಕು. ನಾಯಿಗೆ ಇದು ಬೇಗ ಹಿಡಿಸಿತು. ನೆಂಟರಿಗೆ ಹೇಳುವುದು ಕಷ್ಟವಾಗಿದೆ. ‘ಹಬ್ಬಕ್ಕೆ ಬಂದವರ ಹತ್ರ ನಮ್ಮನೆ ನಾಯಿ ಮಾತಾಡಿಸ್ಬೇಡಿ ಅಂದ್ರೆ ನಮ್ಮನ್ನೂ ಮಾತಾಡಿಸಲ್ಲ ಅವ್ರು’ ಎಂದು ಚಿಕ್ಕಮ್ಮ ಆ ಕೆಲಸವನ್ನು ನನಗೇ ಬಿಟ್ಟಿದ್ದಾರೆ. ನಾನು ಅಂಗಳದಲ್ಲೇ ನಿಂತು, ಚಪ್ಪಲಿ ಬಿಡುವಾಗಲೇ ಒಬ್ಬೊಬ್ಬರಿಗೂ ಹೇಳುತ್ತಿದ್ದೇನೆ.