ಪೆಡಸಾದ ಮಹಾಪಧಮನಿ ಮತ್ತು ಕಡತದ ಸಂಕೇತ

ಹೃದಯದ ಎಡ ಕೆಳಕೋಣೆಯಿಂದ ಹೊರಟು, ಎದೆಯೊಳಗೆ ಕಮಾನಿನಂತೆ ಬಾಗಿ, ಬೆನ್ನುಮೂಳೆಗೆ ಅಂಟಿಕೊಂಡಂತೆ ಕೆಳಗಿಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆಯುವ ರಕ್ತನಾಳವೇ ಮಹಾಪಧಮನಿ. ದೇಹದ ಅತಿ ದೊಡ್ಡ ನಾಳ ಇದು. ಹೃದಯ ಒಮ್ಮೆ ಮಿಡಿದಾಗ ಇದರ ಗೋಡೆ ಹಿಗ್ಗುತ್ತದೆ, ಮರುಗಳಿಗೆ ಕುಗ್ಗಿ ರಕ್ತವನ್ನು ಮುಂದಕ್ಕೆ ನೂಕುತ್ತದೆ. ವಯಸ್ಸು, ಧೂಮಪಾನ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೆಚ್ಚಿದ ಕೊಲೆಸ್ಟರಾಲ್ ಇವೆಲ್ಲ ಸೇರಿ ಗೋಡೆಯ ಒಳಪದರದಲ್ಲಿ ಕೊಬ್ಬು ಕೂರುವಂತೆ ಮಾಡುತ್ತವೆ. ವರ್ಷಗಳು ಕಳೆದಂತೆ ಅದರ ಮೇಲೆ ಸುಣ್ಣದ ಅಂಶ ಸೇರಿ ಗೋಡೆ ಪೆಡಸಾಗುತ್ತದೆ. 1904ರಲ್ಲಿ ಜರ್ಮನಿಯ ರೋಗಶಾಸ್ತ್ರಜ್ಞ ಫೆಲಿಕ್ಸ್ ಮಾರ್ಶಾನ್ ಈ ಸ್ಥಿತಿಗೆ ಅಥೆರೋಸ್ಕ್ಲೆರೋಸಿಸ್ ಎಂಬ ಹೆಸರು ಕೊಟ್ಟ. ಅದರಲ್ಲಿ ಗ್ರೀಕ್ ಭಾಷೆಯ ಎರಡು ಪದಗಳು ಕೂಡಿವೆ: ಒಂದಕ್ಕೆ ಗಂಜಿ ಎಂದು ಅರ್ಥ, ಇನ್ನೊಂದಕ್ಕೆ ಗಡಸು. ನಾಳದ ಗೋಡೆಯನ್ನು ಸೀಳಿದಾಗ ಕಾಣುವುದೂ ಅದೇ, ಒಳಗೆ ಗಂಜಿಯಂತಹ ಕೊಬ್ಬು, ಸುತ್ತ ಗಡಸು ಪದರ.

ಈ ಕಾಯಿಲೆ ಬಹುತೇಕ ಸದ್ದಿಲ್ಲದೆ ಬೆಳೆಯುತ್ತದೆ. ಕೆಮ್ಮಿಗೆಂದು ತೆಗೆಸಿದ ಎಕ್ಸ್‌ರೇಯಲ್ಲಿ ಕಮಾನಿನ ಅಂಚಿಗೆ ಒಂದು ಬಿಳಿ ಗೆರೆ ಕಾಣುತ್ತದೆ. ಕಿಡ್ನಿ ಕಲ್ಲಿಗೆಂದು ಮಾಡಿಸಿದ ಸಿಟಿ ಸ್ಕ್ಯಾನಿನಲ್ಲಿ ಹೊಟ್ಟೆಯ ಭಾಗದ ನಾಳದ ಸುತ್ತ ಸುಣ್ಣದ ಚುಕ್ಕೆಗಳು ಕಾಣುತ್ತವೆ. ರೇಡಿಯಾಲಜಿಸ್ಟ್ ವರದಿಯ ಕೊನೆಯಲ್ಲಿ ಒಂದು ಸಾಲು ಬರೆಯುತ್ತಾರೆ. ಆ ಸಾಲು ರೋಗಿಯ ಕಡತದಲ್ಲಿ ಕಾಯಿಲೆಯಾಗಿ ದಾಖಲಾಗಬೇಕೇ, ದಾಖಲಾದರೆ ಯಾವ ಸಂಕೇತದಲ್ಲಿ ಎಂಬುದನ್ನು ತೀರ್ಮಾನಿಸುವುದೇ ಮೆಡಿಕಲ್ ಕೋಡಿಂಗ್.

ಪ್ರತಿ ಕಾಯಿಲೆಗೂ ಒಂದು ಸಂಕೇತ ಕೊಡುವ ಅಂತರರಾಷ್ಟ್ರೀಯ ಪಟ್ಟಿಗೆ ಐಸಿಡಿ ಎಂದು ಹೆಸರು. ಸಾವಿನ ಕಾರಣಗಳನ್ನು ಎಣಿಸಲು ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಜಾಕ್ ಬೆರ್ತಿಯೋಂ 1893ರಲ್ಲಿ ಮಂಡಿಸಿದ ಪಟ್ಟಿಯೇ ಇದರ ಬೇರು. 1948ರ ಆರನೇ ಪರಿಷ್ಕರಣೆಯಿಂದ ವಿಶ್ವ ಆರೋಗ್ಯ ಸಂಸ್ಥೆ ಇದರ ಹೊಣೆ ಹೊತ್ತಿತು. 1990ರಲ್ಲಿ ಒಪ್ಪಿಗೆ ಪಡೆದ ಹತ್ತನೇ ಪರಿಷ್ಕರಣೆಯಲ್ಲಿ ಮಹಾಪಧಮನಿಯ ಪೆಡಸಿಗೆ ಐ70.0 ಎಂಬ ಸಂಕೇತವಿದೆ. ಅಮೆರಿಕ ತನ್ನ ಆಸ್ಪತ್ರೆಗಳಿಗೆಂದು ಇದನ್ನು ಹಿಗ್ಗಿಸಿ 2015ರ ಅಕ್ಟೋಬರ್ 1ರಿಂದ ಜಾರಿಗೆ ತಂದಿತು. ಅದಕ್ಕೂ ಮೊದಲು ಅಲ್ಲಿ ಇದೇ ಕಾಯಿಲೆಗೆ 440.0 ಎಂದು ಬರೆಯುತ್ತಿದ್ದರು. ಆ ದೇಶದ ಕಡತಗಳನ್ನು ಓದಿ ಸಂಕೇತ ಹಾಕುವ ಕೆಲಸ ಬೆಂಗಳೂರಿನ ಕಚೇರಿಗಳಲ್ಲೂ ನಡೆಯುತ್ತದೆ. ಜೀವವಿಜ್ಞಾನ, ನರ್ಸಿಂಗ್, ಫಾರ್ಮಸಿ ಓದಿದ ಅನೇಕ ಯುವಕ ಯುವತಿಯರಿಗೆ ಇದೇ ಉದ್ಯೋಗ.

ಕೋಡರ್ ವೈದ್ಯರಲ್ಲ. ಚಿತ್ರ ನೋಡಿ, ಔಷಧ ನೋಡಿ ಕಾಯಿಲೆ ಊಹಿಸುವ ಅಧಿಕಾರ ಅವರಿಗಿಲ್ಲ. ಕಡತದಲ್ಲಿರುವ ಪದವೇ ಅವರ ಆಧಾರ. ಆದ್ದರಿಂದ ಒಂದೊಂದು ಪದವೂ ಮುಖ್ಯ. ಮಹಾಪಧಮನಿಯ ಗೋಡೆಯಲ್ಲಿ ಸುಣ್ಣ ಕಟ್ಟಿದೆ ಎಂದು ಬರೆದಿದ್ದರೂ, ಗೋಡೆ ಗಡಸಾಗಿದೆ ಎಂದು ಬರೆದಿದ್ದರೂ ಐಸಿಡಿಯ ಅಕಾರಾದಿ ಸೂಚಿ ಕೋಡರನ್ನು ಐ70.0ಗೇ ಕರೆದೊಯ್ಯುತ್ತದೆ. ನಾಳ ಉಬ್ಬಿದೆ ಎಂದಿದ್ದರೆ ಅದು ಅನ್ಯೂರಿಸಂ, ಸಂಕೇತ ಐ71ರ ಗುಂಪಿಗೆ ಹೋಗುತ್ತದೆ. ಕಾಲಿನ ನಾಳಗಳ ಪೆಡಸು ಐ70.2ರಲ್ಲಿ, ಹೃದಯಕ್ಕೆ ರಕ್ತ ಒಯ್ಯುವ ನಾಳಗಳದ್ದು ಐ25ರಲ್ಲಿ. ಹೆಚ್ಚು ಎಡವುವುದು ಎಕೋ ವರದಿಯಲ್ಲಿ. ಅಲ್ಲಿ ‘ಅಯೋರ್ಟಿಕ್ ಸ್ಕ್ಲೆರೋಸಿಸ್’ ಎಂದು ಚುಟುಕಾಗಿ ಬರೆದಾಗ ಸಾಮಾನ್ಯವಾಗಿ ವೈದ್ಯರ ಮನಸ್ಸಿನಲ್ಲಿರುವುದು ನಾಳವಲ್ಲ, ಅದರ ಬಾಗಿಲಲ್ಲಿರುವ ಕವಾಟ. ಕವಾಟದ ಪೆಡಸಿಗೆ ಐ35ರ ಗುಂಪು. ‘ಕವಾಟ’ ಎಂಬ ಒಂದು ಪದ ಬಿಟ್ಟುಹೋದರೆ ಇಲ್ಲದ ಕಾಯಿಲೆಯೊಂದು ರೋಗಿಯ ಹೆಸರಿಗೆ ಅಂಟಿಕೊಳ್ಳುತ್ತದೆ. ಅನುಮಾನ ಬಂದಾಗ ಕೋಡರ್ ವೈದ್ಯರಿಗೆ ಲಿಖಿತವಾಗಿ ಪ್ರಶ್ನೆ ಕಳಿಸಬೇಕು, ಆ ಪ್ರಶ್ನೆಯಲ್ಲೇ ಉತ್ತರವನ್ನು ತುರುಕಬಾರದು.

ಅಮೆರಿಕದ ನಿಯಮದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೊರರೋಗಿ ವಿಭಾಗದಲ್ಲಿ ‘ಇರಬಹುದು’, ‘ಶಂಕೆಯಿದೆ’ ಎಂದು ಬರೆದ ಕಾಯಿಲೆಗೆ ಸಂಕೇತ ಹಾಕುವಂತಿಲ್ಲ. ಒಳರೋಗಿಯಾಗಿದ್ದವರು ಬಿಡುಗಡೆಯಾಗುವಾಗಲೂ ವೈದ್ಯರು ಹಾಗೆಯೇ ಬರೆದಿದ್ದರೆ ಹಾಕಬಹುದು. ಆದರೆ ಒಳರೋಗಿಯ ಸ್ಕ್ಯಾನ್ ವರದಿಯಲ್ಲಿ ಮಾತ್ರ ಕಂಡ ಅಂಶಕ್ಕೆ, ಚಿಕಿತ್ಸೆ ನೀಡುತ್ತಿರುವ ವೈದ್ಯರು ಅದಕ್ಕೆ ಮಹತ್ವವಿದೆ ಎಂದು ಬರೆಯದ ಹೊರತು, ಸಂಕೇತವಿಲ್ಲ. ಹೀಗಾಗಿ ವೈದ್ಯರ ಟಿಪ್ಪಣಿಯಲ್ಲಿ ಕಾಯಿಲೆಯ ಹೆಸರಷ್ಟೇ ಇದ್ದರೆ ಸಾಲದು. ಅದನ್ನು ಗಮನಿಸಲಾಗಿದೆಯೇ, ಪರೀಕ್ಷಿಸಲಾಗಿದೆಯೇ, ಅದರ ಬಗ್ಗೆ ತೀರ್ಮಾನವೇನು, ಚಿಕಿತ್ಸೆಯೇನು ಎಂಬುದರಲ್ಲಿ ಒಂದಾದರೂ ಕಾಣಬೇಕೆಂದು ಕೋಡಿಂಗ್ ತರಬೇತಿಯಲ್ಲಿ ಕಲಿಸುತ್ತಾರೆ. ‘ಸಿಟಿಯಲ್ಲಿ ಮಹಾಪಧಮನಿಯ ಪೆಡಸು ಕಂಡಿದೆ, ಸ್ಟ್ಯಾಟಿನ್ ಮುಂದುವರಿಸುವುದು, ಕೊಲೆಸ್ಟರಾಲ್ ಮೂರು ತಿಂಗಳಿಗೆ ಮತ್ತೆ ನೋಡುವುದು, ಬೀಡಿ ಬಿಡುವಂತೆ ಹೇಳಲಾಗಿದೆ’ ಎಂಬಷ್ಟು ಬರೆದರೆ ಸಾಕು, ಟಿಪ್ಪಣಿ ಪೂರ್ಣ. ಇಲ್ಲಿ ಹೊಗೆಸೊಪ್ಪಿನ ಅಭ್ಯಾಸಕ್ಕೆ ಪ್ರತ್ಯೇಕ ಸಂಕೇತವನ್ನೂ ಸೇರಿಸಬೇಕೆಂದು ಐ70ರ ಕೆಳಗೇ ಸೂಚನೆಯಿದೆ.

ಇಷ್ಟೊಂದು ಕಟ್ಟುನಿಟ್ಟಿಗೆ ಹಣವೂ ಒಂದು ಕಾರಣ. ಅಮೆರಿಕದ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್, ಖಾಸಗಿ ವಿಮಾ ಕಂಪನಿಗಳ ಮೂಲಕ ನಡೆಯುವ ತನ್ನ ಭಾಗದಲ್ಲಿ, ಸದಸ್ಯರ ಕಾಯಿಲೆಗಳ ಸಂಕೇತ ನೋಡಿ ಕಂಪನಿಗೆ ಕೊಡುವ ಮೊತ್ತವನ್ನು ಏರಿಸುತ್ತದೆ. ಹಳೆಯ ಲೆಕ್ಕದ ಮಾದರಿಯಲ್ಲಿ ಐ70.0 ಕೂಡ ಹಾಗೆ ಮೊತ್ತ ಏರಿಸುವ ಸಂಕೇತಗಳಲ್ಲಿ ಒಂದಾಗಿತ್ತು. ವಯಸ್ಸಾದವರ ಎಕ್ಸ್‌ರೇಯಲ್ಲಿ ಸುಣ್ಣ ಕಾಣುವುದು ತೀರ ಸಾಮಾನ್ಯವಾದ್ದರಿಂದ, ಚಿಕಿತ್ಸೆಗೂ ಸಂಕೇತಕ್ಕೂ ಸಂಬಂಧವೇ ಇಲ್ಲದೆ ಅದನ್ನು ಸೇರಿಸುವ ಆಸೆ ಹುಟ್ಟುವಂತಿತ್ತು. 2024ರಿಂದ ಹಂತಹಂತವಾಗಿ ಬಂದ ಹೊಸ ಮಾದರಿಯಲ್ಲಿ ಐ70.0ಗೆ ಹೆಚ್ಚುವರಿ ಹಣವಿಲ್ಲ. 2026ರ ಪಾವತಿ ಪೂರ್ತಿಯಾಗಿ ಹೊಸ ಮಾದರಿಯದೇ. ಹಣ ಸಿಗದು ಎಂಬ ಕಾರಣಕ್ಕೆ ಬರೆಯುವುದನ್ನೇ ಬಿಟ್ಟರೆ ಅದೂ ತಪ್ಪೇ. ಮಹಾಪಧಮನಿಯಲ್ಲಿ ಕೊಬ್ಬು ಕೂತಿದ್ದರೆ ಹೃದಯದ, ಮಿದುಳಿನ ನಾಳಗಳಲ್ಲೂ ಕೂತಿರುವ ಸಂಭವ ಹೆಚ್ಚು. ಮುಂದೆ ನೋಡುವ ವೈದ್ಯರಿಗೆ ಆ ಸುಳಿವು ಸಿಗಬೇಕಾದದ್ದು ಕಡತದಿಂದಲೇ.

ಭಾರತದಲ್ಲಿ ಸಾಮಾನ್ಯ ರೋಗಿಗೆ ಈ ಸಂಕೇತಗಳು ಹೆಚ್ಚು ತಾಗುವುದು ಆರೋಗ್ಯ ವಿಮೆಯ ಕ್ಲೈಮಿನಲ್ಲಿ ಮತ್ತು ಮರಣದ ದಾಖಲೆಯಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ವ್ಯವಸ್ಥೆಯಲ್ಲಿ, ಆಸ್ಪತ್ರೆಯಲ್ಲಿ ತೀರಿಕೊಂಡವರ ಸಾವಿನ ಕಾರಣವನ್ನು ವೈದ್ಯರು ನಮೂನೆ 4ರಲ್ಲಿ ಬರೆಯುತ್ತಾರೆ, ಆಸ್ಪತ್ರೆಯ ಹೊರಗೆ ತೀರಿಕೊಂಡವರದ್ದನ್ನು ನಮೂನೆ 4ಎಯಲ್ಲಿ. ಮೊದಲ ಸಾಲಿನಲ್ಲಿ ಸಾವಿಗೆ ನೇರ ಕಾರಣ, ಕೆಳಗಿನ ಸಾಲುಗಳಲ್ಲಿ ಅದಕ್ಕೆ ಎಡೆಮಾಡಿಕೊಟ್ಟ ಕಾಯಿಲೆಗಳು. ಬರೀ ‘ಹೃದಯ ಸ್ತಂಭನ’ ಎಂದು ಬರೆದು ಮುಗಿಸಿದರೆ, ಉಬ್ಬಿ ಒಡೆದ ಮಹಾಪಧಮನಿಯಾಗಲಿ ಅದರ ಹಿಂದಿನ ವರ್ಷಗಳ ಪೆಡಸಾಗಲಿ ಲೆಕ್ಕಕ್ಕೆ ಸಿಗುವುದಿಲ್ಲ. ಹೃದಯ ನಿಲ್ಲುವುದು ಸಾಯುವ ಬಗೆ, ಕಾರಣವಲ್ಲ. ಅದಕ್ಕೇ ನಮೂನೆಯಲ್ಲಿಯೇ ಹಾಗೆ ಬರೆಯದಂತೆ ವೈದ್ಯರಿಗೆ ಸೂಚಿಸಲಾಗಿದೆ.